ಪಟಾಲಮ್ಮ ಹೊತ್ತ ಜೊಂಡು

ಅಟ್ಟದ ಮೇಲಿದ್ದ ಜೊಂಡಿನ ಹೊರೆ ಮಾಯವಾದದ್ದು ಗೊತ್ತಾದಾಗ ಪಟಾಲಮ್ಮ ಕಳ್ಳರನ್ನು ಹುಡುಕಿಕೊಂಡು ದೂರವೇನೂ ಹೋಗಲಿಲ್ಲ. ಅಟ್ಟದಿಂದ ಇಳಿದವಳೇ ನೆಟ್ಟಗೆ ಅಡುಗೆಮನೆಗೆ ಬಂದು, ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಸೊಸೆಯ ಬೆನ್ನ ಹಿಂದೆ ನಿಂತಳು.

"ಅಟ್ಟದ್ ಮೇಲಿದ್ ಜೊಂಡು ಎಲ್ಲೋಯ್ತು?"

"ನಂಗೊತ್ತಿಲ್ಲ ಅತ್ತೆ."

"ನಿಂಗೊತ್ತಿಲ್ದೆ ಈ ಮನೇಲಿ ಬೆಕ್ಕು ಸೈತ ಅಟ್ಟ ಅತ್ತಲ್ಲ. ಎಬ್ಬಾಳಕ್ಕೆ ಓಯ್ತಾ, ನಿಮ್ಮಪ್ಪನ ಮನೆಗೆ?"

ಪುಟ್ಟಲಕ್ಷ್ಮಿ ಕೋಲು ನಿಲ್ಲಿಸಲಿಲ್ಲ. "ಹೆಬ್ಬಾಳದಲ್ಲೂ ಕೆರೆ ಇದೆ ಅತ್ತೆ. ನಮ್ಮಪ್ಪನಿಗೆ ಜೊಂಡಿಗೇನು ಬರ ಬಂದಿಲ್ಲ."

"ಬಾಯಿ ನೋಡು ಬಾಯಿ! ಮುದ್ದೆ ಗಂಟಾಯ್ತದೆ, ನೋಡ್ಕೊಂಡು ತೊಳಸು."

ಪಟಾಲಮ್ಮ ಕೆಟ್ಟವಳಲ್ಲ. ಮೈಮುರಿದು ದುಡಿಯುವವಳು, ಹಸಿದು ಬಂದವರಿಗೆ ಇಲ್ಲವೆಂದವಳಲ್ಲ. ಆದರೆ ಯಾರನ್ನಾದರೂ ನಂಬುವುದೆಂದರೆ ಮಾತ್ರ ಆಕೆಯ ಜಾಯಮಾನಕ್ಕೆ ಒಗ್ಗದು. ಡೇರಿಯವನು ಹಾಲು ಅಳೆದರೆ ಅಳತೆಯ ಮೇಲೆ ಅನುಮಾನ, ಬಳೆಗಾರ ಬಳೆ ತೊಡಿಸಿದರೆ ಗಾಜಿನ ಮೇಲೆ ಅನುಮಾನ. ಗಂಡ ಚಿಕ್ಕಬೈರಪ್ಪ ಯಲಹಂಕದ ಮಾರುಕಟ್ಟೆಗೆ ಸೇವಂತಿಗೆ ಹಾಕಿ ಸ್ವಲ್ಪ ತಡವಾಗಿ ಬಂದರೂ ಮೊದಲು ಆತನ ಬಾಯಿ ಮೂಸಿ ನೋಡಿ ಆಮೇಲೆ ನೀರು ಕೊಡುತ್ತಿದ್ದಳು. ಆಕೆಯ ಅನುಮಾನದಿಂದ ತಪ್ಪಿಸಿಕೊಂಡವನು ಊರಿಗೆಲ್ಲ ಒಬ್ಬನೇ, ಮಗ ಬ್ಯಾಟರಾಯಪ್ಪ. ಹಿಂದಿನ ದಿನ ಊಟಕ್ಕೆ ಕೂತಾಗ ಅವನೇ ಅಲ್ಲವೇ ನೆನಪಿಸಿದ್ದು, "ಅಮ್ಮ, ಅಕ್ಕ ಬಾಣಂತನಕ್ಕೆ ಬರೋಳೆ, ಚಾಪೆ ಆಯ್ತಾ?" ಅಂತ? ಮಗನಿಗಿರುವ ಕಾಳಜಿ ಸೊಸೆಗೆ ಇಲ್ಲವಲ್ಲ ಎಂದು ಪಟಾಲಮ್ಮನ ಹೊಟ್ಟೆ ಉರಿಯಿತು.

ಆಗ ಎಂಬತ್ತನಾಲ್ಕನೇ ಇಸವಿ, ಶ್ರಾವಣ. ಮಗಳು ಮುನಿತಾಯಿ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿಯಾಗಿದ್ದಳು. ಸೊಸೆ ಪುಟ್ಟಲಕ್ಷ್ಮಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಪಟಾಲಮ್ಮನಿಗೆ ಅಭ್ಯಾಸವಾಗಿತ್ತು. ಬಾಣಂತಿಯನ್ನು ಹೊಸ ಜೊಂಡಿನ ಚಾಪೆಯ ಮೇಲೆ, ಅದೂ ತವರಿನ ಕೆರೆಯ ಜೊಂಡಿನ ಚಾಪೆಯ ಮೇಲೆ ಮಲಗಿಸಬೇಕು. ಹೋದ ವರ್ಷವೇ ಒಳ್ಳೆಯ ಉದ್ದನೆಯ ಜೊಂಡನ್ನು ಆರಿಸಿ ಒಣಗಿಸಿ ಅಟ್ಟಕ್ಕೇರಿಸಿದ್ದಳು. ಅದೇ ಈಗ ಇಲ್ಲ.

ಹೊಸದಾಗಿ ಕುಯ್ದು ತಂದರಾಯಿತಲ್ಲ, ಕೆರೆ ಕೂಗಳತೆಯಲ್ಲಿದೆಯಲ್ಲ ಎನ್ನಬಹುದು. ಅಲ್ಲೇ ಇದ್ದದ್ದು ತೊಡಕು. ಅಲ್ಲಾಳಸಂದ್ರ ದಾಟಿ ಸಿಗುವ ಈ ಗಂಗಸಂದ್ರದಲ್ಲಿ ಜೊಂಡನ್ನು ಬೇಕಾದವರು ಬೇಕಾದಾಗ ಕುಯ್ಯುವಂತಿರಲಿಲ್ಲ. ಮುಂಗಾರು ಹಿಡಿದ ಮೇಲೆ ನಾಮದ ಕೋಳಿಗಳು ಆ ಜೊಂಡಿನೊಳಗೆ ಗೂಡು ಕಟ್ಟುತ್ತವೆ. ಮೈಯೆಲ್ಲ ಕಪ್ಪು, ಹಣೆಗೊಂದು ಬಿಳಿ ನಾಮ. ನೀರ ಮೇಲೆ ತಲೆ ಆಡಿಸುತ್ತ ಓಡಾಡುವ ಹಕ್ಕಿ. ಅದರ ಮರಿ ಜೊಂಡು ಬಿಟ್ಟು ಹೊರಗೆ ಈಜುವವರೆಗೂ ಕುಡುಗೋಲು ನೀರಿಗಿಳಿಯಕೂಡದು. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ, ಕುಡುಗೋಲು ಮನೆಯ ಹಿರಿಯ ಮುತ್ತೈದೆ ಗಂಗಮ್ಮನಿಗೆ ಕೈಮುಗಿದು ಮೊದಲ ಹೊರೆ ಕುಯ್ದು, ನೀರು ಸೋರುತ್ತಿರುವಂತೆಯೇ ತಲೆಯ ಮೇಲೆ ಹೊತ್ತು ಊರ ನಡುಬೀದಿಯಲ್ಲಿ ಮನೆಗೆ ಬರುತ್ತಾಳೆ. ತಮಟೆಯಿಲ್ಲ, ಸಾರುವವನಿಲ್ಲ. ಆಕೆಯ ತಲೆಯ ಮೇಲಿನ ಹಸಿ ಜೊಂಡನ್ನು ಕಂಡವರು ಕಂಡಂತೆ ಕುಡುಗೋಲು ಹಿಡಿದು ಕೆರೆಗೆ ಓಡುತ್ತಾರೆ. ಕುಡುಗೋಲು ಮನೆ ಎಂದರೆ ಚಿಕ್ಕಬೈರಪ್ಪನ ಮನೆ. ಹಿರಿಯ ಮುತ್ತೈದೆ ಎಂದರೆ ಪಟಾಲಮ್ಮ.

ಆ ವರ್ಷ ಮಳೆ ಹಿಂದೇಟು ಹಾಕಿತ್ತು. ಕೆರೆಯ ನೀರು ನಡುಭಾಗಕ್ಕೆ ಸರಿದಿತ್ತು. ಆದರೂ ಏರಿಯ ಮಗ್ಗುಲಿನ ಮೊಣಕಾಲುದ್ದ ನೀರಿನಲ್ಲಿ ಜೊಂಡು ಆಳೆತ್ತರ ನಿಂತಿತ್ತು. ಅದೇ ಸಮಯಕ್ಕೆ ಜಯಸಿಂಹ ಎಂಬ ಗೃಹನಿರ್ಮಾಣ ಸಂಘದ ಏಜೆಂಟು ಊರಿಗೆ ಬಂದುಹೋಗಿ ಮಾಡತೊಡಗಿದ್ದ. ಬಿಳಿ ಅಂಗಿ, ಬಿಳಿ ಕಾರು, ಬಾಯಿ ತುಂಬ ಮಾತು. ಬ್ಯಾಟರಾಯಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡೇ ಏರಿಯ ಮೇಲೆ ತಿರುಗುತ್ತಿದ್ದ.

ಊಟದ ಹೊತ್ತಿಗೆ ಅಪ್ಪ ಮಗನಿಗೆ ಹತ್ತಿಕೊಂಡಿತು. ಎಲ್ಲರ ಮುಂದೂ ಮುದ್ದೆ, ಹುರುಳಿಕಾಳಿನ ಬಸ್ಸಾರು.

"ಆ ಕೆರೆ ಸತ್ತೋಗದೆ ಕಣಪ್ಪ," ಎಂದ ಬ್ಯಾಟರಾಯಪ್ಪ. "ಸರ್ಕಾರದೋರು ಬಂದು ನೋಡಿ ಸತ್ತ ಕೆರೆ ಅಂತ ಬರ್ಕೊಂಡೋದ್ರೆ ಅಲ್ಲಿ ಲೇಔಟ್ ಆಯ್ತದೆ. ಮಣ್ಣು ತುಂಬೋ ಕಂಟ್ರಾಕ್ಟು ನಂದೇ ಅಂತ ಜಯಸಿಂಹಯ್ಯ ಮಾತು ಕೊಟ್ಟವ್ರೆ. ನಮ್ ಟ್ರ್ಯಾಕ್ಟ್ರು ಎಷ್ಟು ದಿನ ಬರೀ ಗೊಬ್ರ ಒಡೀಬೇಕು?"

"ನೀರಿರೋ ಕೆರೇನ ಸತ್ತೋಯ್ತು ಅನ್ನೋಕೆ ನಾಲ್ಗೆ ಎಂಗೆ ಬತ್ತದೆ ನಿಂಗೆ?"

"ಎಲ್ಲೈತೆ ನೀರು? ಎಮ್ಮೆ ಮುಳುಗೋಕೂ ಸಾಲ್ದು."

"ಆಳುದ್ದ ಜೊಂಡು ನಿಂತೈತಲ್ಲೋ, ಅದ್ರ ಬುಡುಕ್ಕೆ ನೀನೇನು ಹಾಲು ಉಯ್ದು ಬೆಳೆಸಿದ್ಯಾ? ಕೆರೆ ಓದ್ರೆ ತೂಬಿನ ಕೆಳಗಿನ ತೋಟ ಓಯ್ತದೆ. ಸೇವಂತಿಗೇನ ಟ್ರ್ಯಾಕ್ಟ್ರು ಮೇಲೆ ಬೆಳಿತೀಯಾ?"

ಮಗ ಮುದ್ದೆ ಮುರಿದು ನುಂಗಿದ. ಪುಟ್ಟಲಕ್ಷ್ಮಿ ಸಾರು ಬಡಿಸುತ್ತಿದ್ದವಳು ಗಂಡನ ಮುಖ ನೋಡಿದಳು. ಅವನು ಕಣ್ಣಲ್ಲೇ ಏನೋ ಗದರಿದ. ಇದು ಪಟಾಲಮ್ಮನ ಕಣ್ಣಿಗೆ ಬಿತ್ತು, ಮತ್ತು ಅವಳು ಅದಕ್ಕೆ ತನ್ನದೇ ಅರ್ಥ ಹಚ್ಚಿದಳು. ಸೊಸೆಯೇ ಮಗನ ತಲೆ ಕೆಡಿಸುತ್ತಿದ್ದಾಳೆ. ಹೆಬ್ಬಾಳದಲ್ಲಿ ಸೈಟು ಕೊಂಡವರ ಮನೆಗಳನ್ನು ನೋಡಿ ಬೆಳೆದವಳು, ಇವಳಿಗೆ ತಾರಸಿ ಮನೆ ಬೇಕು. ಕೆರೆಯಲ್ಲಿ ನೀರಿದ್ದರೇನು ಹೋದರೇನು?

ಎರಡನೆಯ ಅನುಮಾನ ಹಿತ್ತಿಲಿನ ಬಾಡಿಗೆಯವನ ಮೇಲಿತ್ತು. ಸೇತುರಾಮ ಯಶವಂತಪುರದ ಕಡೆ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಹಿತ್ತಿಲ ಎರಡು ಕೋಣೆಗಳಲ್ಲಿ ಹೆಂಡತಿಯೊಂದಿಗೆ ಇದ್ದ. ಬೆಳಗಾದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಕೆರೆಗೆ ಹೊರಡುತ್ತಿದ್ದ. ಗುಮಾಸ್ತನಿಗೆ ದುರ್ಬೀನು ಯಾಕೆ? ಪಟಾಲಮ್ಮ ಒಂದು ಬೆಳಿಗ್ಗೆ ಸಗಣಿ ಬುಟ್ಟಿಯನ್ನು ತಿಪ್ಪೆಗೆ ಸುರಿದು, ಕೈಯನ್ನೂ ತೊಳೆಯದೆ ಅವನ ಹಿಂದೆಯೇ ಏರಿ ಹತ್ತಿದಳು.

"ಏನ್ ಸ್ವಾಮೇರೆ, ಕೆರೆ ಅಳತೆ ಆಯ್ತಾ? ಎಷ್ಟು ಸೈಟು ಬತ್ತವೆ?"

ಸೇತುರಾಮ ಬೆಚ್ಚಿಬಿದ್ದ. "ಸೈಟಾ? ಅಯ್ಯೋ, ನಾನು ಹಕ್ಕಿ ನೋಡ್ತಿದ್ದೀನಿ ಪಟಾಲಮ್ಮನೋರೇ."

"ಅದುನ್ನ ನೋಡಿದ್ರೆ ಯಾರಾದ್ರೂ ಸಂಬ್ಳ ಕೊಡ್ತಾರಾ?"

"ಕೊಡಲ್ಲ. ಬಸ್ ತಪ್ಪಿ ಆಫೀಸಲ್ಲಿ ಬೈಸ್ಕೋತೀನಿ ಅಷ್ಟೆ."

ಸಂಬಳವಿಲ್ಲದೆ ಬೈಸಿಕೊಂಡು ಹಕ್ಕಿ ನೋಡುವವನನ್ನು ನಂಬುವುದು ಇನ್ನೂ ಕಷ್ಟ. ಅವನು ದುರ್ಬೀನು ಬಿಚ್ಚಿ ಅವಳ ಕೈಗೆ ಕೊಟ್ಟ. ಮೊದಲು ಆಕಾಶ ಕಂಡಿತು, ಆಮೇಲೆ ಎಮ್ಮೆಯ ಬೆನ್ನು ಕಂಡಿತು. ಕೊನೆಗೆ ಜೊಂಡಿನ ಸಂದಿನಲ್ಲಿ ತೇಲುವ ಗೂಡು, ಅದರ ಮೇಲೆ ಕೂತ ನಾಮದ ಕೋಳಿ. ಹಕ್ಕಿ ಎದ್ದು ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ ಮತ್ತೆ ಮೆಲ್ಲಗೆ ಕೂತಿತು. ಹುಟ್ಟಿದಾಗಿನಿಂದ ನೋಡಿದ ಹಕ್ಕಿಯೇ, ಆದರೆ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಪಟಾಲಮ್ಮನಿಗೆ ಮಗಳು ನೆನಪಾದಳು. ಕಣ್ಣು ತೇವವಾದದ್ದನ್ನು ಆ ಗುಮಾಸ್ತ ನೋಡದಿರಲೆಂದು ದುರ್ಬೀನನ್ನು ಇಳಿಸದೆ ಹಾಗೇ ಹಿಡಿದುಕೊಂಡಳು.

"ನಾನು ಸರ್ಕಾರಕ್ಕೆ ಅರ್ಜಿ ಬರೆದಿದ್ದೆ," ಎಂದ ಸೇತುರಾಮ. "ಗಣೇಶನ ಹಬ್ಬ ಆದ್ಮೇಲಿನ ಸೋಮವಾರ ಆಫೀಸರು ಬರ್ತಾರೆ. ಜೊಂಡು, ಗೂಡು ಎಲ್ಲಾ ಕಣ್ಣಾರೆ ನೋಡಿದ್ರೆ ಇದು ಬದುಕಿರೋ ಕೆರೆ ಅಂತ ಬರೀತಾರೆ. ಆಗ ಯಾರೂ ಮುಟ್ಟೋ ಹಾಗಿಲ್ಲ. ಆ ದಿನದವರೆಗೂ ಜೊಂಡು ನಿಂತಿದ್ರೆ ಸಾಕು."

"ನಿಲ್ದೆ ಎಲ್ಲೋಯ್ತದೆ? ನಾನು ಮುಟ್ಟೋಗಂಟ ಯಾರೂ ಮುಟ್ಟಲ್ಲ," ಎಂದಳು ಪಟಾಲಮ್ಮ. ಹೇಳಿದ ಮೇಲೆ, ಇವನಿಗೆ ಇಷ್ಟು ಹೇಳಬಾರದಿತ್ತೇನೋ ಎಂದೂ ಅನ್ನಿಸಿತು.

ಹಬ್ಬಕ್ಕೆ ಮುನ್ನವೇ ಮುನಿತಾಯಿ ಬಂದಳು. ಕಾಲುಗಳು ಬಾತಿದ್ದವು, ಮುಖ ಬಿಳಿಚಿಕೊಂಡಿತ್ತು. ಬಂದವಳೇ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಗೌರಿ ಬಂದಳು, ಗಣೇಶ ಬಂದ, ಕಡುಬು ತಿಂದದ್ದಾಯಿತು. ಕೆರೆಗೆ ಗಣೇಶನನ್ನು ಬಿಟ್ಟ ಮಾರನೆಯ ಬೆಳಿಗ್ಗೆ ಬ್ಯಾಟರಾಯಪ್ಪ ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತ ಒಳಗೆ ಕೇಳಿಸುವಂತೆ ಕೂಗಿದ:

"ಅಮ್ಮ, ಜೊಂಡು ಕುಯ್ದು ಒಣಗ್ಸಿ ನೇಯೋಕೆ ಎಷ್ಟು ದಿನ ಬೇಕು? ಅಕ್ಕನ್ನ ಗೋಣಿಚೀಲದ ಮೇಲೆ ಮಲಗುಸ್ತೀಯಾ?"

ಪಟಾಲಮ್ಮನಿಗೆ ಮೈ ಉರಿಯಿತು, ಮಗನ ಮೇಲಲ್ಲ. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದಳು. ಪುಟ್ಟಲಕ್ಷ್ಮಿ ಹಾಲಿನ ಚೊಂಬು ಕೆಳಗಿಟ್ಟು ಬಾಗಿಲಿಗೆ ಅಡ್ಡ ಬಂದಳು.

"ಅತ್ತೆ, ಯಲಹಂಕದ ಸಂತೇಲಿ ಒಳ್ಳೇ ಚಾಪೆ ಸಿಗುತ್ತೆ. ನಾನೇ ಹೋಗಿ ತರ್ತೀನಿ."

"ಯಾವೂರ ಕೆರೇದೋ ಯಾರು ನೇಯ್ದಿದ್ದೋ, ಅದ್ರ ಮೇಲೆ ನನ್ ಮಗಳು ಮಲಗ್ಬೇಕಾ? ನೀನು ಇದ್ದ ಜೊಂಡು ಕಾಣೆ ಮಾಡಿದ್ದು ಸಾಲ್ದಾ?"

"ನಾನು ಮುಟ್ಟಿಲ್ಲ. ದೇವರಾಣೆ. ಆದ್ರೆ ಈಗ ಕುಯ್ಬೇಡಿ. ಸೋಮವಾರ ಒಂದು ಕಳೀಲಿ."

"ಯಾಕೆ?"

ಪುಟ್ಟಲಕ್ಷ್ಮಿ ಅಂಗಳದ ಕಡೆ ನೋಡಿದಳು. ನೀರು ಎರಚುವ ಸದ್ದು ನಿಂತಿತ್ತು. ದನಿ ತಗ್ಗಿಸಿ, "ಸುಮ್ನೆ ಹೇಳ್ದೆ," ಎಂದಳು.

"ಸುಮ್ನೆ ಯೇಳೋಳಲ್ಲ ನೀನು. ನನ್ ಮಗಳ್ಗೆ ಈ ಮನೇಲಿ ಎರಿಗೆ ಆಗೋದು ನಿಂಗೆ ಸೈರಣೆ ಇಲ್ಲ. ನಿನ್ ಒಟ್ಟೇಲಿಲ್ಲ ಅಂತ ಅವಳ್ ಒಟ್ಟೆ ಮೇಲೆ ಕಣ್ಣಾಕ್ತೀಯಾ?"

ಆಡಬಾರದ ಮಾತು. ಆಡಿದವಳಿಗೂ ಗೊತ್ತಾಯಿತು, ಆದರೆ ಬಾಯಿಂದ ಬಿದ್ದಾಗಿತ್ತು. ಪುಟ್ಟಲಕ್ಷ್ಮಿ ಬಾಗಿಲು ಬಿಟ್ಟು ಸರಿಯುತ್ತ ಹೇಳಿದಳು:

"ಹೋಗೋದೇ ಆದ್ರೆ ತೋಟದ ದಾರೀಲಿ ಬನ್ನಿ ಅತ್ತೆ. ಬೀದೀಲಿ ಬೇಡ. ಹೊರೆ ಮೇಲೆ ಒಂದು ಸೀರೆ ಮುಚ್ಕೊಳ್ಳಿ."

"ಮುಚ್ಕೊಂಡು ಬರೋಕೆ ನಾನೇನು ಕಳ್ಳೀನಾ? ಈ ಊರ್ಗೆ ಕುಡುಗೋಲು ಮನೆ ನಮ್ದು. ನಡುಬೀದೀಲೇ ಬತ್ತೀನಿ, ಏನ್ ಮಾಡ್ಕೊಂತೀಯೋ ಮಾಡ್ಕೊ."

ತೋಟದ ದಾರಿಯಲ್ಲೇ ಬರಬೇಕೆಂದು ಆಕೆ ಮೊದಲು ಅಂದುಕೊಂಡಿದ್ದಳು. ಸೊಸೆ ಹೇಳಿದ ಮೇಲೆ ಆ ದಾರಿಯಲ್ಲಿ ಏನೋ ಇದೆ ಎನ್ನಿಸಿಬಿಟ್ಟಿತು.

ಪಟಾಲಮ್ಮ ದಡದ ಜೊಂಡನ್ನೇ ಆರಿಸಿದಳು. ಪ್ರತಿ ಹಿಡಿಗೂ ಮೊದಲು ಕೈಯಿಂದ ಸರಿಸಿ ಗೂಡಿಲ್ಲವೆಂದು ನೋಡಿಕೊಂಡಳು. ಪೂಜೆಯಿಲ್ಲ, ಅರಿಶಿನ ಕುಂಕುಮವಿಲ್ಲ, ಸೋಮವಾರವೂ ಅಲ್ಲ. ಇದು ಗಂಗಮ್ಮನ ಕುಯ್ಲಲ್ಲ, ಬರೀ ಒಂದು ಚಾಪೆಯ ಜೊಂಡು, ಸೋಮವಾರ ಬರುವ ಆಫೀಸರಿಗೆ ಒಂದು ಹೊರೆ ಕಮ್ಮಿಯಾದದ್ದು ಕಾಣುವುದೇ ಎಂದು ತನಗೆ ತಾನೇ ಹೇಳಿಕೊಂಡಳು. ಹೊರೆ ಕಟ್ಟಿ ತಲೆಯ ಮೇಲಿಟ್ಟು, ನೀರು ಸೋರಿ ಬೆನ್ನು ನೆನೆಯುತ್ತಿದ್ದಂತೆ, ನಡುಬೀದಿಯಲ್ಲಿ ಎದೆಯೆತ್ತಿ ನಡೆದಳು.

ಅಂಗಡಿ ಜಗುಲಿಯ ಮೇಲಿದ್ದ ಪಿಳ್ಳಪ್ಪ ಬೀಡಿ ಬಾಯಿಂದ ತೆಗೆದ. "ಏನಮ್ಮ ಪಟಾಲಮ್ಮ, ಈ ಸಲ ಇಷ್ಟು ಮುಂಚೇನೇ?"

"ಬಾಣಂತಿ ಚಾಪೆಗೆ ಕಣಣ್ಣ!"

ಪಿಳ್ಳಪ್ಪನಿಗೆ ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಅವನು ತಲೆಯಾಡಿಸಿದ್ದನ್ನು ನೋಡಿ ಪಟಾಲಮ್ಮ ಮುಂದೆ ಹೋದಳು. ಅಂಗಳದಲ್ಲಿ ಜೊಂಡನ್ನು ಹರಡಿ, ಮಗಳಿಗೆ ಬಿಸಿನೀರು ಕಾಯಿಸಿ, ತಲೆಗೆ ಎಣ್ಣೆ ಒತ್ತುತ್ತಿದ್ದಾಗ ಕೆರೆಯ ಕಡೆಯಿಂದ ಗದ್ದಲ ಕೇಳಿಸಿತು. ಜನರ ಕೂಗಿನ ನಡುವೆ ಹಕ್ಕಿಗಳ ಕೂಗು.

ಎಣ್ಣೆಗೈಯಲ್ಲೇ ಓಡಿದಳು.

ಊರಿಗೆ ಊರೇ ಕೆರೆಯಲ್ಲಿತ್ತು. ಮೊದಲು ಹೋದವರಿಗೆ ದಪ್ಪ ಜೊಂಡು ಎಂದು ಗಂಡಸರು ಹೆಂಗಸರೆನ್ನದೆ ಮೊಣಕಾಲುದ್ದ ನೀರಿನಲ್ಲಿ ನಿಂತು ಬೀಸುತ್ತಿದ್ದರು. ಕಡಿದು ಬಿದ್ದ ಜೊಂಡಿನ ನಡುವೆ ಗೂಡುಗಳು ತಲೆಕೆಳಗಾಗಿ ತೇಲುತ್ತಿದ್ದವು. ನಾಮದ ಕೋಳಿಗಳು ದೂರ ನಡುನೀರಿಗೆ ಹೋಗಿ ಒಂದೇ ಸಮನೆ ಕೂಗುತ್ತಿದ್ದವು.

"ನಿಲ್ಸ್ರೋ! ಯಾರ್ ಯೇಳಿದ್ರು ನಿಮ್ಗೆ? ಸುಬ್ಬಮ್ಮ, ಬಾರೆ ಆಚೆಗೆ!"

ಪಿಳ್ಳಪ್ಪನ ಹೆಂಡತಿ ಸುಬ್ಬಮ್ಮ ಹೊರೆ ಬಿಗಿಯುತ್ತಲೇ ಅಚ್ಚರಿಯಿಂದ ನೋಡಿದಳು. "ನೀನೇ ಒತ್ಕೊಂಡು ಬಂದ್ಯಲ್ಲಕ್ಕ? ನಿನ್ ಮಗಾನೂ ಮನೆಮನೆಗೆ ಬಂದು ಯೇಳ್ದ, ಅಮ್ಮ ಕುಯ್ದಾಯ್ತು, ಕೆರೆ ಎಂಗೂ ಓಯ್ತದೆ, ಸಿಕ್ಕಷ್ಟು ತಗೊಳ್ಳಿ ಅಂತ. ಇಲ್ದೋರಿಗೆ ಕುಡುಗೋಲೂ ಅವನೇ ಕೊಟ್ಟ."

ಏರಿಯ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರಿನಲ್ಲಿ ಇನ್ನೂ ಬಳಸದ ಹೊಸ ಕುಡುಗೋಲುಗಳು ಹೊಳೆಯುತ್ತಿದ್ದವು. ಈ ದಿನ ತಂದವಲ್ಲ ಅವು. ಕುಲುಮೆಗೆ ಹೇಳಿ ಮೊದಲೇ ಮಾಡಿಸಿಟ್ಟವು. ಪಕ್ಕದಲ್ಲಿ ಬ್ಯಾಟರಾಯಪ್ಪ ತಾಯಿಯ ಕಡೆ ನೋಡದೆ ಹಗ್ಗ ಸುತ್ತುತ್ತ ನಿಂತಿದ್ದ. ಚಾಪೆಯ ಮಾತು ಮತ್ತೆ ಮತ್ತೆ ಎತ್ತಿದ್ದೂ ಇವನೇ ಎಂದು ಪಟಾಲಮ್ಮನಿಗೆ ಈಗ ಹೊಳೆಯಿತು. ಊರಿಗೆಲ್ಲ ಅನುಮಾನ ಹಂಚಿ ಬಂದವಳು, ಒಬ್ಬನಿಗೆ ಮಾತ್ರ ಉಳಿಸಿರಲಿಲ್ಲ.

ಆ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಚಿಕ್ಕಬೈರಪ್ಪ ತಟ್ಟೆಯ ಮುಂದೆ ಕೂತು ಹೆಂಡತಿಯನ್ನು ಒಂದೇ ಮಾತು ಕೇಳಿದ:

"ನೀನೇನಾ?"

"ಊ, ನಾನೇ."

"ನಿಂಗೂ ಜಯಸಿಂಹ ಏನಾರ ಮಾತು ಕೊಟ್ಟವ್ನಾ?"

ಮೂವತ್ತು ವರ್ಷ ಬಾಳಿದ ಗಂಡ ತನ್ನನ್ನೇ ಅನುಮಾನದಿಂದ ನೋಡುವುದು ಹೇಗಿರುತ್ತದೆ ಎಂದು ಪಟಾಲಮ್ಮನಿಗೆ ಅಂದು ಗೊತ್ತಾಯಿತು. ಎದ್ದು ಹೋದಳು. ಮಗ ಮಾತ್ರ ಎಂದಿಗಿಂತ ನಯವಾಗಿದ್ದ. "ಅಕ್ಕಂಗೆ ಚಾಪೆ ಆಯ್ತಲ್ಲ ಬಿಡಮ್ಮ," ಎಂದು ಮಜ್ಜಿಗೆ ಬಡಿಸಿಕೊಂಡ.

ಸೋಮವಾರ ಆಫೀಸರು ಜೀಪಿನಲ್ಲಿ ಬಂದರು. ತಲೆಗೆ ಹ್ಯಾಟು, ಕಂಕುಳಲ್ಲಿ ಫೈಲು, ಮುಖದಲ್ಲಿ ಬಿಸಿಲಿನ ಬೇಸರ. ಏರಿಯ ಮೇಲೆ ಊರು ಸೇರಿತ್ತು. ಸೇತುರಾಮ ರಜೆ ಹಾಕಿ ಬಂದಿದ್ದ. ಮುಂದೆ ಕೊಯ್ದ ಗದ್ದೆಯಂತೆ ಬೋಳು ಕೂಳೆ, ಅದರಾಚೆ ಒಂದಿಷ್ಟು ಬಗ್ಗಡ ನೀರು.

"ನೀವು ಅರ್ಜೀಲಿ ದಟ್ಟವಾದ ಜೊಂಡು, ಗೂಡು ಅಂತೆಲ್ಲ ಬರೆದಿದ್ದೀರಿ. ಎಲ್ರೀ ಅದು?" ಎಂದರು ಆಫೀಸರು.

"ಇತ್ತು ಸಾರ್. ಕಳೆದ ವಾರದವರೆಗೂ ಇತ್ತು."

ಜಯಸಿಂಹ ನಕ್ಕ. "ಬಾಡಿಗೆಗೆ ಇರೋರು ಸಾರ್, ಹವ್ಯಾಸಕ್ಕೆ ಬರೆದಿದ್ದಾರೆ. ಊರವರನ್ನ ಕೇಳಿ."

"ಇಲ್ಲಿ ಅಂಥ ಜೊಂಡೇನೂ ಇಲ್ಲ ಸಾರ್," ಎಂದ ಬ್ಯಾಟರಾಯಪ್ಪ. "ಒಂದಿಷ್ಟು ಬೆಳೀತದೆ, ಜನ ಬೇಕಾದಾಗ ಕುಯ್ಕೊಂತಾರೆ. ಕೋಳಿಗೀಳಿ ಏನೂ ಇಲ್ಲ. ನಮ್ದೇ ಕುಡುಗೋಲು ಮನೆ, ನಂಗೊತ್ತಿಲ್ವಾ?"

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಅಂಗಳದಲ್ಲೂ ಹಸಿ ಜೊಂಡು ಒಣಗುತ್ತಿತ್ತು. ಬಾಯಿ ಬಿಡುವ ಮುಖ ಯಾರಿಗೂ ಇರಲಿಲ್ಲ. ಆಫೀಸರು ಪೆನ್ನಿನ ಕ್ಯಾಪು ತೆಗೆದರು. ಪಟಾಲಮ್ಮ ಮಗನ ಮುಖ ನೋಡಿದಳು. ಸುಮ್ಮನಿದ್ದರೆ ಕೆರೆ ಹೋಗುತ್ತದೆ. ಮಾತಾಡಿದರೆ ಹೆತ್ತ ಮಗ ಊರ ಮುಂದೆ ಸುಳ್ಳನಾಗುತ್ತಾನೆ. ಈ ಹ್ಯಾಟಿನವನೂ ಜಯಸಿಂಹನ ಕಡೆಯವನೇ ಆಗಿದ್ದರೆ ಎರಡೂ ಹೋಗುತ್ತವೆ.

"ಬರೀಬ್ಯಾಡಿ ಸ್ವಾಮಿ," ಎಂದು ಮುಂದೆ ಬಂದಳು. "ಅವನು ಸುಳ್ಳೇಳ್ತಾವ್ನೆ."

"ಅಮ್ಮ!"

"ನೀನು ಸುಮ್ಕಿರೋ. ಸ್ವಾಮಿ, ದೀಪಾವಳಿಗೆ ಮುಂಚೆ ಇಲ್ಲಿ ಯಾರೂ ಕುಯ್ಯಂಗಿಲ್ಲ. ಕೋಳಿ ಮೊಟ್ಟೆ ಇಟ್ಟಿದ್ವು, ನನ್ ಕಣ್ಣಾರೆ ನೋಡಿದ್ದೆ. ನಾನು ಮೊದ್ಲು ಕುಯ್ದೆ, ಆಮೇಲೆ ಇವ್ರೆಲ್ಲ ಕುಯ್ದ್ರು. ತಪ್ಪು ನಂದು. ಕೆರೇದಲ್ಲ."

"ಅಮ್ಮಂಗೆ ವಯಸ್ಸಾಯ್ತು ಸಾರ್," ಎಂದ ಬ್ಯಾಟರಾಯಪ್ಪ. "ಯಾರ್ಯಾರ ಮೇಲೋ ಅನುಮಾನ, ಏನೇನೋ ಮಾತಾಡ್ತಾಳೆ. ಊರ್ಗೇ ಗೊತ್ತು."

ಊರಿಗೆ ಗೊತ್ತಿತ್ತು. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕೂಬಿಟ್ಟರು. ಪಟಾಲಮ್ಮ ಸುತ್ತ ನೋಡಿದಳು. ತನ್ನ ಮಾತಿಗೆ ಹೂಂಗುಡಲು ಒಬ್ಬರಾದರೂ ಬೇಕಾಗಿತ್ತು. ಅಂಥವರನ್ನು ಆಕೆ ಇಷ್ಟು ವರ್ಷದಲ್ಲಿ ಸಂಪಾದಿಸಿಕೊಂಡಿರಲಿಲ್ಲ.

"ಅತ್ತೆ ಹೇಳ್ತಿರೋದು ನಿಜ."

ಹೆಂಗಸರ ಗುಂಪಿನಿಂದ ಪುಟ್ಟಲಕ್ಷ್ಮಿ ಮುಂದೆ ಬಂದಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಅತ್ತೆ ಕುಯ್ಲಿ ಅಂತ್ಲೇ ಮನೇಲಿದ್ದ ಒಣಗಿದ ಜೊಂಡನ್ನ ಅಟ್ಟದಿಂದ ಇಳಿಸಿ ಸಾಗಿಸಿದ್ದು ಇವ್ರೇ, ನನ್ನ ಯಜಮಾನ್ರು. ಬಾಯಿ ಬಿಟ್ರೆ ತವರಿಗೆ ಕಳಿಸ್ತೀನಿ ಅಂದಿದ್ರು. ಕಳಿಸ್ಲಿ."

ಯಾರೂ ನಗಲಿಲ್ಲ. ಪಿಳ್ಳಪ್ಪ ಬಗ್ಗಿ ಕೂಳೆಯ ಕಡೆ ಕೈ ತೋರಿಸಿ, "ಊ ಸ್ವಾಮಿ, ಇಲ್ಲೆಲ್ಲ ಆಳುದ್ದ ನಿಂತಿತ್ತು. ನಾನೂ ಕುಯ್ದೆ, ಯಾಕೆ ಸುಳ್ಳೇಳ್ಲಿ," ಎಂದ. ಅವನ ಹಿಂದೆ ಸುಬ್ಬಮ್ಮ, ಅವಳ ಹಿಂದೆ ಮತ್ತಿಬ್ಬರು. ಆಫೀಸರು ಏರಿ ಇಳಿದು ಹೋಗಿ ಒಂದು ಕೂಳೆಯನ್ನು ಕಿತ್ತು ನೋಡಿದರು. ಬುಡ ಬಿಳುಪಾಗಿ ಹಸಿಯಾಗಿತ್ತು.

"ಇದು ಚಿಗುರೋದು ಎಷ್ಟು ದಿನ?"

"ಯಾರೂ ಮುಟ್ದಿದ್ರೆ ದೀಪಾವಳಿ ವೊತ್ಗೆ ಸೊಂಟದುದ್ದ," ಎಂದ ಚಿಕ್ಕಬೈರಪ್ಪ.

"ಹಾಗಾದ್ರೆ ಆಗ ಬಂದು ನೋಡ್ತೀನಿ. ಅಲ್ಲೀವರೆಗೆ ಏನೂ ಬರೆಯೋಲ್ಲ." ಜಯಸಿಂಹ ಹಿಂದೆಯೇ ಹೋಗಿ ಜೀಪಿನ ಕಿಟಕಿಗೆ ಬಾಗಿ ಬಹಳ ಹೊತ್ತು ಮಾತಾಡಿದ. ಏನೆಂದು ಯಾರಿಗೂ ಕೇಳಿಸಲಿಲ್ಲ.

ಮನೆಗೆ ಬಂದವನೇ ಬ್ಯಾಟರಾಯಪ್ಪ ಹೆಂಡತಿಯ ಟ್ರಂಕನ್ನು ಅಂಗಳಕ್ಕೆ ಎಸೆದ. "ನಡಿ ಎಬ್ಬಾಳಕ್ಕೆ!"

ಪಟಾಲಮ್ಮ ಟ್ರಂಕನ್ನು ಎತ್ತಿಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದಳು. "ಅವಳು ಎಲ್ಲೂ ಓಗಲ್ಲ. ಉಂಡ್ರೆ ಉಣ್ಣು, ಇಲ್ದಿದ್ರೆ ಜಯಸಿಂಹನ ಮನೇಲಿ ಎಲೆ ಆಕ್ತಾರೆ ಓಗು."

ಅವನು ಹೋಗಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಮುದ್ದೆಗೆ ಕೂತ. ಆಮೇಲೆ ತೋಟಕ್ಕೂ ಹೋಗತೊಡಗಿದ, ಅಪ್ಪನ ಜತೆ ಮಾರ್ಕೆಟ್ಟಿಗೂ ಹೋದ. ಅವನು ಇಷ್ಟು ಸುಮ್ಮನಾದದ್ದೇ ಪಟಾಲಮ್ಮನಿಗೆ ಭಯ ತಂದಿತು. ಎಳೆಯ ಚಿಗುರಿಗೆ ಒಂದು ದಿನ ದನ ಬಿಟ್ಟರೆ ಸಾಕು, ಟ್ರ್ಯಾಕ್ಟರನ್ನು ಒಂದು ಸುತ್ತು ಹೊಡೆದರೆ ಸಾಕು, ಮತ್ತೆ ಏಳುವುದಿಲ್ಲ. ಹಾಗಾಗಿ ಮನೆಗೆಲಸದ ನಡುವೆ ಬಿಡುವಾದಾಗಲೆಲ್ಲ ಏರಿಯ ಮೇಲೆ ಹೋಗಿ ಕೂರುತ್ತಿದ್ದಳು. ಮುನಿತಾಯಿ ಹೆಣ್ಣು ಹೆತ್ತಳು; ಪಟಾಲಮ್ಮ ಮಗುವಿಗೆ ನೀರೆರೆದು ಮಲಗಿಸಿ ಬಂದು ಕೂರುತ್ತಿದ್ದಳು. ಕೂಳೆಯ ನಡುವೆ ಹಸಿರು ಚುಚ್ಚಿಕೊಂಡು ಮೇಲೆ ಬರುತ್ತಿತ್ತು. ಕೋಳಿಗಳು ನಡುನೀರಲ್ಲೇ ಇದ್ದವು, ದಡಕ್ಕೆ ಬರುತ್ತಿರಲಿಲ್ಲ. ಅವುಗಳಿಗೂ ನಂಬಿಕೆ ಬರಬೇಕಲ್ಲ ಎಂದು ಪಟಾಲಮ್ಮನಿಗೆ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಪುಟ್ಟಲಕ್ಷ್ಮಿ ಅಲ್ಲಿಗೇ ಬಂದು ಸ್ವಲ್ಪ ದೂರದಲ್ಲಿ ಕೂತಳು. ಬಾಗಿಲಲ್ಲಿ ಆಡಿದ ಮಾತು ಇನ್ನೂ ಇಬ್ಬರ ನಡುವೆ ಇತ್ತು. ಪಟಾಲಮ್ಮ ಅದನ್ನು ಎತ್ತಿಕೊಳ್ಳಲು ಹಲವು ಸಲ ಬಾಯಿ ತೆರೆದು ಮುಚ್ಚಿದ್ದಳು.

"ಅವತ್ತು ನಾನು ಅಂದಿದ್ದು ಅನ್ನಬಾರದಿತ್ತು ಕಣವ್ವ."

"ಹೂಂ. ಅನ್ನಬಾರದಿತ್ತು," ಎಂದಳು ಪುಟ್ಟಲಕ್ಷ್ಮಿ.

ಪಟಾಲಮ್ಮ ಕೇಳಿದಳು. "ಎಲ್ಲಾ ಗೊತ್ತಿತ್ತಲ್ಲ ನಿಂಗೆ. ಅವನೇ ಸಾಗಿಸ್ದ ಅಂತ ನಂಗೆ ನೆಟ್ಟಗೆ ಯಾಕೆ ಯೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ ಅತ್ತೆ?"

ಪಟಾಲಮ್ಮ ಕೆರೆಯ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು.

"ಇಲ್ಲ," ಎಂದಳು. "ನಂಬ್ತಿರ್ಲಿಲ್ಲ. ನೀನು ಗಂಡನ ಮೇಲೇ ಚಾಡಿ ಯೇಳ್ತೀಯ ಅಂತ ಇನ್ನಷ್ಟು ಕೂಗಾಡ್ತಿದ್ದೆ."

ಮನೆಯ ಕಡೆಯಿಂದ ಕೂಸಿನ ಅಳು ತೇಲಿ ಬಂತು. ಮುನಿತಾಯಿ ಕೂಗುತ್ತಿದ್ದಳು. ಅತ್ತ ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನ ಸದ್ದು. ಬ್ಯಾಟರಾಯಪ್ಪ ಗೊಬ್ಬರ ಹೊಡೆಯುತ್ತಿದ್ದನೋ ಅಥವಾ ಈ ಕಡೆಗೇ ಬರುತ್ತಿದ್ದನೋ ತಿಳಿಯುವಂತಿರಲಿಲ್ಲ. ಪಟಾಲಮ್ಮ ಅರ್ಧ ಎದ್ದವಳು ಹಾಗೇ ನಿಂತಳು.

"ನೀವು ಹೋಗಿ ಅತ್ತೆ. ನಾನಿರ್ತೀನಿ," ಎಂದಳು ಪುಟ್ಟಲಕ್ಷ್ಮಿ.

ಎಷ್ಟೆಂದರೂ ಅವನು ಅವಳ ಗಂಡ. ಅವನು ಬಂದು ನಾಲ್ಕು ಒಳ್ಳೆಯ ಮಾತಾಡಿದರೆ? ಗದರಿಸಿದರೆ? ಈ ಒಬ್ಬ ಹುಡುಗಿ ಇಷ್ಟು ದೊಡ್ಡ ಕೆರೆಗೆ ಕಾವಲು ನಿಲ್ಲುತ್ತಾಳೆಯೇ? ಪಟಾಲಮ್ಮನ ತಲೆಯಲ್ಲಿ ಅನುಮಾನಗಳು ಒಂದರ ಹಿಂದೊಂದು ಎದ್ದವು.

ಕೂಸು ಇನ್ನೂ ಜೋರಾಗಿ ಅತ್ತಿತು.

"ಬಿಸ್ಲು ಐತೆ, ತಲೆ ಮೇಲೆ ಸೆರಗು ಆಕ್ಕೊ," ಎಂದು ಹೇಳಿ ಪಟಾಲಮ್ಮ ಏರಿ ಇಳಿದಳು. ತಿರುಗಿ ನೋಡಬೇಕೆಂದು ಕತ್ತು ಎಳೆಯುತ್ತಲೇ ಇತ್ತು. ಮನೆ ಮುಟ್ಟುವವರೆಗೂ ಅವಳು ತಿರುಗಲಿಲ್ಲ.